ಜಿಗಟಿಯ ಉಳಿ

ಚಿಕ್ಕವಳಿದ್ದಾಗಲೇ ಅವಳಿಗೆ ಜಿಗಟಿ ಅಂತ ಹೆಸರು ಬಿದ್ದಿತ್ತು. ಹಿಡಿದದ್ದನ್ನು ಬಿಡುವವಳೇ ಅಲ್ಲ. ಅಪ್ಪನ ಕುಲುಮೆಯಲ್ಲಿ ತಿದಿ ಒತ್ತುತ್ತ ಬೆಳೆದು, ಬರಬರುತ್ತ ಸುತ್ತಿಗೆಗೂ ಕೈ ಹಾಕಿದಳು. ಅಪ್ಪ ತೀರಿಕೊಂಡ ಮೇಲೆ, ಪಾತ್ರೆ ಅಂಗಡಿ ಇಟ್ಟಿದ್ದ ಅಣ್ಣ ಬಂದು ಕುಲುಮೆಯನ್ನು ಗೋದಾಮು ಮಾಡುತ್ತೇನೆಂದ.

"ನಾನು ಉಳಿ ಮಾಡ್ತೀನಣ್ಣ," ಎಂದಳು ಜಿಗಟಿ.

"ನಿನ್ನ ಉಳಿ ಯಾರು ತಗೋತಾರೆ? ಕಲ್ಲು ಕ್ವಾರಿ ಮೇಸ್ತ್ರಿ ತಗೊಂಡ್ರೆ ಕುಲುಮೆ ನಿಂದೇ. ಇಲ್ಲಾಂದ್ರೆ ತೆಪ್ಪಗೆ ಬೀಗದ ಕೈ ಕೊಡ್ಬೇಕು."

ಅಬ್ಬಾ, ಅವಳ ರೋಷವೇ! ಕಬ್ಬಿಣವನ್ನು ಕೆಂಪಗೆ ಕಾಯಿಸಿ, ಬಡಿದು ಮೊನೆ ಮಾಡಿ, ಚುಂಯ್ ಎಂದು ನೀರಿಗೆ ಅದ್ದಿದಳು. ಕಬ್ಬಿಣ ಉಜ್ಜುವ ಅರ ಕೂಡ ಜಾರುವಷ್ಟು ಗಟ್ಟಿ. ನೀರಿನಿಂದ ತೆಗೆದ ಉಳಿಯನ್ನು ಅಪ್ಪ ಮತ್ತೆ ಕೆಂಡದ ಅಂಚಿಗೆ ಹಿಡಿಯುತ್ತಿದ್ದ. ಅದು ಮುದುಕನ ಕೆಲಸವಿಲ್ಲದ ಕೆಲಸ ಅಂದುಕೊಂಡಿದ್ದಳು, ಹುಚ್ಚಿ! ಗಟ್ಟಿಯಾದದ್ದನ್ನು ಯಾರಾದರೂ ಮತ್ತೆ ಮೆತ್ತಗೆ ಮಾಡುತ್ತಾರೆಯೇ?

ಕ್ವಾರಿಯಲ್ಲಿ ಮೇಸ್ತ್ರಿ ಒಂದೇ ಏಟು ಹಾಕಿದ. ಮೊನೆ ಗಾಜಿನ ಹಾಗೆ ಸಿಡಿದು ಹೋಯಿತು. ಕಲ್ಲು ಒಡೆಯುವವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಣ್ಣನಂತೂ ಅಲ್ಲೇ ಬೀಗದ ಕೈಗೆ ಕೈಚಾಚಿದ.

"ನಾಳೆ ಇನ್ನೊಂದು ತರ್ತೀನಿ."

"ನಾಚ್ಕೆ ಆಗಲ್ವೇನೇ ನಿಂಗೆ?"

"ಆಗುತ್ತೆ. ಆದ್ರೂ ತರ್ತೀನಿ."

ಕುಲುಮೆಗೆ ಬಂದು ಮುರಿದ ಮೊನೆಯನ್ನು ತಿರುಗಿಸಿ ನೋಡಿದಾಗ ಅಪ್ಪನ ಕೆಲಸ ತಲೆಗೆ ಹೊಕ್ಕಿತು. ಬರೀ ಗಟ್ಟಿ ಇದ್ದರೆ ಏಟು ತಾಳದು. ತಾಳಲು ಒಳಗೆ ಒಂದಿಷ್ಟು ಜಿಗುಟೂ ಬೇಕು. ಈ ಸಲ ನೀರಿನಿಂದ ತೆಗೆದದ್ದನ್ನು ಉಜ್ಜಿ ಬೆಳ್ಳಗೆ ಮಾಡಿ, ಕೆಂಡದ ಅಂಚಿಗೆ ಹಿಡಿದು, ಮೊನೆ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತಲೇ ಎತ್ತಿದಳು. ಬಣ್ಣ ಮೀರಿ ಕೆಟ್ಟವು ಎಷ್ಟೋ. ತನ್ನನ್ನೇ ಬೈದುಕೊಂಡು ಮತ್ತೆ ಕಾಯಿಸಿದಳು.

ಮರುದಿನ ಮೇಸ್ತ್ರಿ ಸಂಜೆಯವರೆಗೂ ಬಡಿದ. ಬಂಡೆ ಅರ್ಧ ಬಿರಿಯಿತು. ಮೊನೆ ಮಾತ್ರ ಜಪ್ಪಯ್ಯ ಅಂದರೂ ಮುಕ್ಕಾಗಲಿಲ್ಲ.

ಮೇಸ್ತ್ರಿ ತಲೆ ಕೆರೆದುಕೊಂಡ. "ಉಳಿ ಚೆನ್ನಾಗಿದೆ ಕಣಮ್ಮ, ತಗೋತೀನಿ. ಆದ್ರೆ ನಿನ್ನೆ ನಿಂದು ಮುರಿದದ್ದನ್ನ ಎಲ್ರೂ ನೋಡಿದಾರೆ. ಹೆಂಗಸು ಮಾಡಿದ್ದು ಅಂದ್ರೆ ಇನ್ನು ಯಾರೂ ಮುಟ್ಟಲ್ಲ. ಇದು ನಿಮ್ಮಣ್ಣ ಮಾಡಿದ್ದು ಅಂತ ಹೇಳ್ಬಿಡ್ತೀನಿ."

ಅಣ್ಣನ ಮುಖ ಅರಳಿತು. "ಕುಲುಮೆ ನಿಂದೇ ಆಯ್ತಲ್ಲೇ! ಹೆಸರು ಯಾರದ್ದಾದ್ರೇನು?"

ಜಿಗಟಿ ಮೇಸ್ತ್ರಿಯ ಕೈಯಿಂದ ಉಳಿ ಕಿತ್ತುಕೊಂಡಳು. "ಹಾಗಾದ್ರೆ ಉಳಿದರ್ಧ ಬಂಡೇನ ಅಣ್ಣನ ಹೆಸರಲ್ಲೇ ಒಡ್ಕೊಳ್ಳಿ!"

"ಕುಲುಮೆ ಹೋಗುತ್ತೆ ಕಣೇ!"

"ಹೋಗ್ಲಿ." ಕುಲುಮೆ ಅಪ್ಪ ಕೂತು ಎದ್ದ ಜಾಗ. ಆದರೂ ಬೀಗದ ಕೈಯನ್ನು ಅಣ್ಣನ ಕೈಗೆ ತುರುಕಿ ನಡೆದೇಬಿಟ್ಟಳು.

ಮೇಸ್ತ್ರಿ ಬಂಡೆಯನ್ನು ನೋಡಿದ, ಅವಳ ಬೆನ್ನನ್ನು ನೋಡಿದ, ಆಮೇಲೆ ಏದುಸಿರು ಬಿಡುತ್ತ ಹಿಂದೆ ಓಡಿದ. "ನಿಲ್ಲಮ್ಮಾ! ನೀನೇ ಮಾಡಿದ್ದು, ಒಪ್ಕೊಂಡೆ!"

"ಅದು ನಂಗೆ ಗೊತ್ತಿದೆ," ಎಂದಳು ಜಿಗಟಿ, ಕೆಲಸದವರ ಕಡೆ ಕೈ ತೋರಿಸಿ. "ಅವ್ರಿಗೆ ಹೇಳಿ."