ಕೆಮ್ಮಲು ಬಾರದ ಅಕ್ಕ

ಸ್ನೇಹಿತರೇ, ಇವತ್ತು ಬೆಳಿಗ್ಗೆ ಚಿಕ್ಕಲಸಂದ್ರದ ನಮ್ಮ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದ ಅಕ್ಕ ಇದ್ದಕ್ಕಿದ್ದಂತೆ ಲೋಟ ಕೆಳಗಿಟ್ಟಳು. ಕಾಫಿ ಗಂಟಲಲ್ಲೇ ನಿಂತಿತ್ತು. ಕೆಮ್ಮಲು ಹೋದರೆ ಬರೀ ಗಾಳಿ ಬಂತು.

"ಕೆಮ್ಮಕ್ಕೆ ಆಗ್ತಿಲ್ಲ ಕಣೇ" ಎಂದಳು. ದನಿ ಮೂಗಿನಿಂದ ಬಂದಂತಿತ್ತು.

ಆಟೋ ಹಿಡಿದು ಹತ್ತಿರದ ಕ್ಲಿನಿಕ್ಕಿಗೆ ಓಡಿದೆವು. ರಿಸೆಪ್ಷನ್ನಿನ ಹುಡುಗಿ ಕೇಳಿದಳು, "ಕೆಮ್ಮು ಇದ್ಯಾ ಮೇಡಂ?"

"ಇಲ್ಲಮ್ಮಾ, ಅಕ್ಕನಿಗೆ ಕೆಮ್ಮೋಕೇ ಆಗ್ತಿಲ್ಲ" ಎಂದೆ.

"ಕೆಮ್ಮಿಲ್ವಲ್ಲ, ಹಾಗಾದ್ರೆ ಎಮರ್ಜೆನ್ಸಿ ಅಲ್ಲ. ಕೂತ್ಕೊಳ್ಳಿ."

ನಾನು ಕೂಗಾಡಿದೆ. ಹೊರಗೆ ಬಂದ ಡಾಕ್ಟರು ಅಕ್ಕನಿಗೆ ಕೆಮ್ಮಲು ಹೇಳಿದರು. ಒಂದು ಸಲ ನೋಡಿದವರೇ ಆಂಬುಲೆನ್ಸ್ ಕರೆಸಿ ದೊಡ್ಡ ಆಸ್ಪತ್ರೆಗೆ ಕಳಿಸಿದರು.

ಗಂಟಲಿನ, ಎದೆಯ ಸ್ನಾಯುಗಳು ಸೋಲುತ್ತಿವೆಯಂತೆ. ಉಸಿರಾಟಕ್ಕೂ ತೊಂದರೆಯಾಗಬಹುದಂತೆ. ಕಾರಣ ಇನ್ನೂ ಗೊತ್ತಾಗಿಲ್ಲ. ಗಂಟಲಲ್ಲಿ ಸೇರುವ ಕಫವನ್ನು ನರ್ಸ್ ಆಗಾಗ ಯಂತ್ರದಿಂದ ಎಳೆದು ತೆಗೆಯುತ್ತಿದ್ದಾರೆ. ಆಗೆಲ್ಲ ಅಕ್ಕ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾಳೆ.

ಪಕ್ಕದ ಮಂಚದ ಅಜ್ಜಿ ಮಧ್ಯಾಹ್ನದಿಂದ ಒಂದೇ ಸಮನೆ ಕೆಮ್ಮುತ್ತಿದ್ದಾರೆ. ಅವರ ಸೊಸೆ ಸಂಕೋಚದಿಂದ ನನ್ನ ಹತ್ತಿರ ಬಂದು, "ಸಾರಿ ಅಕ್ಕ, ನಿಮಗೆ ತುಂಬಾ ತೊಂದ್ರೆ ಆಗ್ತಿದೆ ಅಲ್ವಾ?" ಎಂದರು.

"ಕೆಮ್ಮಲಿ ಬಿಡಿ" ಎಂದೆ.

ಇನ್ನೊಬ್ಬರ ಕೆಮ್ಮು ಕೇಳಿ ಹೊಟ್ಟೆಕಿಚ್ಚು ಪಡುವ ದಿನವೂ ಬಂತು ನೋಡಿ.