ಕುಂಟೆಬಿಲ್ಲೆಯ ಕ್ಯಾಸೆಟ್

ಲೆಕ್ಕದ ಮಿಸ್ಸಿನ ಎಡಭುಜ ಬಲಭುಜಕ್ಕಿಂತ ತಗ್ಗಾಗಿತ್ತು. ಪೋಲಿಯೋದಿಂದ ಕಾಲು ಸೊರಗಿದ್ದ ಮಗಳನ್ನು ಆ ಕಡೆಯ ಸೊಂಟದ ಮೇಲೆ ಹೊತ್ತು ಶಾಲೆಗೂ ಮನೆಗೂ ನಡೆದು ನಡೆದು ಹಾಗಾಗಿತ್ತು. ಟಿ. ನರಸೀಪುರದ ಆ ಶಾಲೆಯಲ್ಲಿ ಮಗಳು ನನ್ನ ತರಗತಿಯವಳೇ.

ನಮ್ಮ ತಪ್ಪು ಲೆಕ್ಕವನ್ನು ಅವರು ಎಂದೂ ಹೊಡೆದುಹಾಕುತ್ತಿರಲಿಲ್ಲ. "ತಪ್ಪಾದ್ರೂ ನೀನು ಮಾಡಿದ್ದು ಕಣೇ, ಇರ್ಲಿ. ಪಕ್ಕದಲ್ಲಿ ಸರಿ ಬರಿ" ಎನ್ನುತ್ತಿದ್ದರು.

ಬೆಂಗಳೂರಿನ ಕಾರ್ಖಾನೆಯೊಂದರಲ್ಲಿದ್ದ ಅವರ ತಮ್ಮ, ಅಕ್ಕನ ಮಗಳು ಕೂತಲ್ಲೇ ಆಡಲಿ ಎಂದು ಒಂದು ಕಂಪ್ಯೂಟರ್ ತಂದುಕೊಟ್ಟರು. ಟೀವಿಗೆ ಸಿಕ್ಕಿಸುವ, ಕ್ಯಾಸೆಟ್ಟಿನಿಂದ ಪ್ರೋಗ್ರಾಂ ಓದುವ ಪೆಟ್ಟಿಗೆ. ನಮ್ಮ ದೇಶದ್ದೇ ಯಾವುದೋ ಸಣ್ಣ ಕಂಪನಿಯದು. ಮಿಸ್ ಮೊದಲು ತಾವು ಕಲಿತು, ಮಗಳಿಗೆ ಕಲಿಸಿ, ಶನಿವಾರ ಮಧ್ಯಾಹ್ನ ನನ್ನನ್ನೂ ಕರೆದು ಕೂರಿಸಿಕೊಂಡರು. ಇವತ್ತು ನಂಜನಗೂಡಿನ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡಿ ನಾನು ಉಣ್ಣುತ್ತಿರುವುದು ಆ ಶನಿವಾರಗಳ ಅನ್ನ.

ಮಗಳೇ ಒಂದು ಪ್ರೋಗ್ರಾಂ ಬರೆದಳು. ಪರದೆಯ ಮೇಲೆ ಕುಂಟೆಬಿಲ್ಲೆಯ ಮನೆಗಳು. ಪುಟ್ಟ ಚೌಕಗಳಿಂದ ಮಾಡಿದ ಹುಡುಗಿಯೊಬ್ಬಳು ಒಂಟಿಕಾಲಲ್ಲಿ ನೆಗೆಯುತ್ತ ಹೋಗಿ, ಕೊನೆಯ ಮನೆಯಲ್ಲಿ ನಿಂತು, ನಮ್ಮ ಕಡೆ ತಿರುಗಿ ಕೈ ಎತ್ತುತ್ತಿದ್ದಳು. ಮರುವರ್ಷ ಜ್ವರ ಬಂದು ಮಗಳು ತೀರಿಕೊಂಡಳು. ಮಿಸ್ಸಿನ ಗಂಡ ಅದಕ್ಕೂ ಮೊದಲೇ ಹೋಗಿದ್ದರು. ಆಮೇಲೆ ಮಿಸ್ ಪ್ರತಿವರ್ಷ ಮಗಳು ಹುಟ್ಟಿದ ದಿನ ಆ ಕ್ಯಾಸೆಟ್ ಹಾಕಿ, ಒಮ್ಮೆ ನೋಡಿ, ತೆಗೆದಿಡುತ್ತಿದ್ದರು.

ಕೆಲವು ವರ್ಷಗಳ ಹಿಂದೆ ಕರೆಂಟು ಏರುಪೇರಾಗಿ ಯಂತ್ರ ಸುಟ್ಟುಹೋಯಿತು. ನಾನು ಅಲ್ಲಿಲ್ಲಿ ವಿಚಾರಿಸಿ, ಮೈಸೂರಿನಲ್ಲಿ ಹಳೆಯ ಯಂತ್ರ ಕೂಡಿಡುವವರೊಬ್ಬರಿಂದ ಅದೇ ಮಾದರಿಯ ಇನ್ನೊಂದನ್ನು ತಂದೆ. ಕ್ಯಾಸೆಟ್ ಓದಿಕೊಂಡಿತು. ಮನೆಗಳು ಮೂಡಿದವು. ಹುಡುಗಿ ಮೊದಲ ಮನೆಯಲ್ಲಿ ನಿಂತವಳು ನಿಂತೇ ಇದ್ದಳು.

ಕಾರಣ ಸಿಕ್ಕಿತು. ಯಂತ್ರದ ಮೂಲ ಆದೇಶಗಳೆಲ್ಲ ಒಳಗಿನ ಒಂದು ಚಿಪ್‌ನಲ್ಲಿರುತ್ತವೆ. ಕಂಪನಿ ಆಮೇಲಿನ ಯಂತ್ರಗಳಲ್ಲಿ ಅವನ್ನು ತಿದ್ದಿ, ಜಾಗ ಬದಲಿಸಿತ್ತು. ಮಗಳ ಪ್ರೋಗ್ರಾಂ ಆದೇಶವನ್ನು ಪದ್ಧತಿಯಂತೆ ಹೆಸರು ಹಿಡಿದು ಕೇಳದೆ, ಹಳೆಯ ಜಾಗಕ್ಕೇ ನೇರವಾಗಿ ಹೋಗಿ ಹುಡುಕುತ್ತಿತ್ತು.

ಇದನ್ನು ಹೇಳಿದಾಗ ಮಿಸ್, "ಆ ಅಡ್ಡದಾರಿ ನಾನೇ ಹೇಳ್ಕೊಟ್ಟಿದ್ದು ಕಣೇ. ಬೇಗ ಕೆಲ್ಸ ಆಗ್ಲಿ ಅಂತ" ಎಂದರು.

ಸುಟ್ಟ ಯಂತ್ರದ ಚಿಪ್ ತೆಗೆದು ಇದಕ್ಕೆ ಕೂರಿಸಿ ನೋಡಿದೆ, ಅದೂ ಸತ್ತಿತ್ತು. ಕಂಪನಿ ಮುಚ್ಚಿ ಎಷ್ಟೋ ಕಾಲವಾಗಿದೆ. ಇಂಟರ್ನೆಟ್ಟಿನಲ್ಲೂ ಹಳೆಯ ಚಿಪ್ಪಿನ ನಕಲು ಯಾರ ಬಳಿಯೂ ಇರಲಿಲ್ಲ. ಕೊನೆಗೆ ಮಿಸ್ಸಿನ ಒಪ್ಪಿಗೆ ಪಡೆದು, ಪ್ರೋಗ್ರಾಮಿನ ಒಂದು ಪ್ರತಿಯಲ್ಲಿ ಹೊಸ ಜಾಗದ ಸಂಖ್ಯೆ ಹಾಕಿದೆ. ಹುಡುಗಿ ನೆಗೆದಳು. ಆದರೆ ಅವಳನ್ನು ನೆಗೆಸುವ ಹಳೆಯ ಆದೇಶ ನಿಧಾನದ್ದು, ಹೊಸದು ಚುರುಕು. ಕಣ್ಣು ಮಿಟುಕಿಸುವಷ್ಟರಲ್ಲಿ ಮನೆಗಳೆಲ್ಲ ಮುಗಿದು, ಎತ್ತಿದ ಕೈ ಕಾಣಿಸಲೇ ಇಲ್ಲ.

"ನಿಧಾನ ಮಾಡ್ಬೋದು ಮಿಸ್. ಒಂದೊಂದು ಮನೇಲಿ ಎಷ್ಟು ಹೊತ್ತು ನಿಲ್ಬೇಕು ಹೇಳಿ, ಹಾಕ್ತೀನಿ."

ಅವರು ಪರದೆಯನ್ನೇ ನೋಡುತ್ತ ಬೆರಳು ಮಡಿಚಿದರು, ಬಿಚ್ಚಿದರು, ಮತ್ತೆ ಮಡಿಚಿದರು. "ಗೊತ್ತಿಲ್ವಲ್ಲೇ... ಇಷ್ಟು ವರ್ಷ ನಾನು ಅವಳ ಕೈ ನೋಡ್ತಿದ್ದೆ, ಹೊತ್ತು ನೋಡ್ತಿರ್ಲಿಲ್ಲ" ಎಂದರು. ಅವರು ಅತ್ತದ್ದನ್ನು ನಾನು ಕಂಡದ್ದು ಅಂದು ಮಾತ್ರ. ಮಗಳನ್ನು ಮಣ್ಣು ಮಾಡಿದ ದಿನವೂ ಅತ್ತಿರಲಿಲ್ಲ.

ಹೋದ ಮಳೆಗಾಲದಲ್ಲಿ ಅವರನ್ನು ನಂಜನಗೂಡಿನ ಆಸ್ಪತ್ರೆಗೆ ಸೇರಿಸಿದರು. ಕಾಲೇಜು ಮುಗಿಸಿ ಹೋಗಿ ಕೂರುತ್ತಿದ್ದೆ. "ಹಳೇ ಚಿಪ್ಪು ಸಿಕ್ತಾ?" ಎಂದು ಕೇಳುವರು. "ಹುಡುಕ್ತಾ ಇದೀನಿ ಮಿಸ್" ಎನ್ನುವೆ. ಒಂದು ಸಂಜೆ ಮಾತ್ರ, "ಸಾಕು ಬಿಡು ಕಣೇ, ಸಿಕ್ಕೋದಿಲ್ಲ" ಎಂದು ಗೋಡೆಯ ಕಡೆ ಹೊರಳಿದರು. ಆಮೇಲೆ ಅದರ ಮಾತೆತ್ತಲಿಲ್ಲ. ಆ ವಾರವೇ ಹೋದರು.

ಅವರ ತಮ್ಮ ಯಂತ್ರವನ್ನು ನನ್ನ ಮನೆಗೆ ತಲುಪಿಸಿದ್ದಾರೆ. ಬಿಡುವಾದಾಗ ಕೂತು, ಹುಡುಗಿ ನಿಲ್ಲುವ ಹೊತ್ತನ್ನು ಹೆಚ್ಚುಕಡಿಮೆ ಮಾಡುತ್ತೇನೆ. ಒಮ್ಮೊಮ್ಮೆ ಇದೇ ಇರಬೇಕು ಅನಿಸುತ್ತದೆ. ಇನ್ನೊಂದಷ್ಟು ಹೆಚ್ಚಿಸಿದರೆ ಅದೂ ಹಾಗೇ ಅನಿಸುತ್ತದೆ. ಅಲ್ಲ ಕಣೇ ಎನ್ನಲು ಯಾರೂ ಉಳಿದಿಲ್ಲ.