ಮಡಿಪಂಚೆಯ ಹಸಿರು ಕೂಸು

ಎಪ್ಪತ್ತರ ದಶಕದ ಕೊನೆಯಲ್ಲಿ, ಉಡುಪಿಯ ಕಾಲೇಜಿನಲ್ಲಿ, ಚರ್ಚಾಸ್ಪರ್ಧೆ ಎಂದರೆ ನಾನು ಮತ್ತು ಕಾಪುವಿನ ನನ್ನ ಗೆಳತಿ. ಪರ ಅವಳು, ವಿರೋಧ ನಾನು. ಒಮ್ಮೆ ಮಣಿಪಾಲದಲ್ಲಿ ಸ್ಪರ್ಧೆ ಮುಗಿಸಿ ಇಳಿಜಾರಿನಲ್ಲಿ ನಡೆದು ಬರುವಾಗ ಅವಳು ನನ್ನ ನೋಟ್ಸನ್ನು ಮೂಸಿ ನೋಡಿದಳು.

"ಎಂತ ಮಾರಾಯ್ತಿ, ಭಟ್ರ ಮಗಳ ಪುಸ್ತಕಕ್ಕೆ ಹೊಗೆಸೊಪ್ಪಿನ ವಾಸನೆ?"

ಹೇಳಿಬಿಟ್ಟೆ. ಅಪ್ಪ ಕಾರ್ಕಳದಲ್ಲಿ ಪುರೋಹಿತರು. ಅವರು ಕಾಲು ಊದಿ ದೂರದ ಮನೆಗಳಿಗೆ ಹೋಗಲಾರದಾದ ಮೇಲೆ ಅಮ್ಮ ಒಳಕೋಣೆಯ ಬಾಗಿಲು ಹಾಕಿಕೊಂಡು ಬೀಡಿ ಕಟ್ಟುತ್ತಿದ್ದಳು. ಬೀಡಿ ಕಂಪನಿ ಕೊಟ್ಟ ಕಾರ್ಡು ಪಕ್ಕದ ಮನೆಯಾಕೆಯದು; ಎಲೆ ತರುವುದೂ, ಕಟ್ಟಿದ್ದನ್ನು ತನ್ನದೆಂದು ಕಂಪನಿಯ ಬ್ರಾಂಚಿಗೆ ಕೊಡುವುದೂ ಆಕೆಯೇ. ನೆನೆಸಿದ ಎಲೆ ಒಣಗದಿರಲೆಂದು ಅಮ್ಮ ಅದನ್ನು ಅಪ್ಪನ ಹಳೆಯ ಮಡಿಪಂಚೆಯಲ್ಲಿ ಸುತ್ತಿಡುತ್ತಿದ್ದಳು. ವಿಷಯ ಹೊರಬಿದ್ದರೆ ಅಪ್ಪನನ್ನು ಪೂಜೆಗೆ ಕರೆಯುವ ನಾಲ್ಕು ಮನೆಗಳೂ ಇಲ್ಲ, ಬೀಡಿಯೂ ಇಲ್ಲ.

"ಯಾರಿಗೂ ಹೇಳಬೇಡ."

"ದೇವರಾಣೆ," ಎಂದಳು. ದೇವರನ್ನು ನಂಬದ ನಾನು ಆಣೆಯನ್ನು ನಂಬಿದೆ.

ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಅವಳ ಕವನ ಬಂತು, ಬಹುಮಾನದೊಡನೆ. ಕಷ್ಟ ಗೆದ್ದ ತಾಯಿಯೊಬ್ಬಳ ಮೇಲೆ. ಅವಳ ಬೆರಳುಗಳು ಕತ್ತಲೆಯನ್ನು ನೂಲುವ ತಕಲಿ. ಮಡಿಪಂಚೆಯಲ್ಲಿ ಮಲಗಿದ ಬೀಡಿ ಎಲೆ ಹಸಿರು ಕೂಸು. ಕೊನೆಯ ಸಾಲಿನಲ್ಲಿ ತಾಯಿ ತಾನೇ ಬೆಳಕಾಗುತ್ತಾಳೆ. ಬೀಡಿ ಎಲೆ ಹಸಿರಾಗಿಯೂ ಇರುವುದಿಲ್ಲ. ಇವಳು ನೋಡಿದ್ದರೆ ತಾನೆ!

ಲೆಕ್ಚರರು ತರಗತಿಯಲ್ಲಿ ಅದನ್ನು ಓದಿಸಿ ಅಲಂಕಾರಗಳನ್ನು ಕೊಂಡಾಡಿದರು. ನಾನು ಎದ್ದು ನಿಂತೆ.

"ಇದು ಕದ್ದದ್ದು."

"ಯಾರ ಕವನ ಕದ್ದೆ ನಾನು?" ಎಂದಳು ಅವಳು. "ತಾಯಿ ಅಂದರೆ ಇಲ್ಲಿ ರೂಪಕ. ಯಾರ ತಾಯಿಯೂ ಅಲ್ಲ."

"ಪಂಚೆ?"

"ಅದೂ ರೂಪಕ."

"ಪಂಚೆ ಪಂಚೆಯೇ ಮಾರಾಯ್ತಿ! ವಾರಕ್ಕೆರಡು ಸಲ ಅದರ ಕಲೆ ಉಜ್ಜಿ ಒಗೆಯುವವಳು ನಾನು."

ಪುರಾವೆ ಇಲ್ಲದೆ ಮಾತಾಡಬಾರದು ಎಂದು ಕಲಿತವಳು, ಪುರಾವೆ ಕೊಟ್ಟೆ. ಲೆಕ್ಚರರು ಕನ್ನಡಕ ತೆಗೆದು, "ಹಾಗಾದರೆ ಇದು ನಿಮ್ಮ ಮನೆಯ ಕಥೆಯೋ?" ಎಂದರು. ನನ್ನದೇ ಬಸ್ಸಿನಲ್ಲಿ ಹಿರಿಯಡ್ಕ ದಾಟಿ ಕಾರ್ಕಳಕ್ಕೆ ಬರುವ ಮೂವರು ಹಿಂದಿನ ಬೆಂಚಿನಿಂದ ನನ್ನನ್ನೇ ನೋಡುತ್ತಿದ್ದರು. ಗೆಳತಿ ಮೆಲ್ಲಗೆ, "ನಾನು ಹೆಸರು ಹೇಳಿರಲಿಲ್ಲ, ಅಲ್ವಾ?" ಎಂದಳು. ಆ ಒಂದು ಮಾತಿಗಾಗಿ ಅವಳನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಅದು ನಿಜವಾಗಿತ್ತು, ಅದಕ್ಕೇ.

ವಾರದೊಳಗೆ ಪಕ್ಕದ ಮನೆಯಾಕೆ ಬಂದು ಉಳಿದ ಎಲೆ, ಹೊಗೆಸೊಪ್ಪು, ಕತ್ತರಿ ಎಲ್ಲ ಎತ್ತಿಕೊಂಡಳು. "ಕಟ್ಟುವುದು ಯಾರು ಅಂತ ಬ್ರಾಂಚಿನಲ್ಲಿ ಕೇಳ್ತಾ ಇದ್ದಾರೆ ಅಮ್ಮ. ನನ್ನ ಕಾರ್ಡು ಹೋದರೆ ನಾನೆಂತ ಮಾಡುವುದು?" ಅಪ್ಪನಿಗೂ ಆ ತಿಂಗಳು ಕರೆ ಬರಲಿಲ್ಲ.

ಅಮ್ಮ ನನಗೆ ಬೈಯಲಿಲ್ಲ. ಆ ಪುಸ್ತಕ ತಾ, ಓದು ಎಂದಳು. ಓದಿದೆ.

"ಕೊನೆಗೆ ಅವಳು ಗೆಲ್ತಾಳಾ?"

"ಹೂಂ. ಬೆಳಕಾಗ್ತಾಳೆ."

"ಅದು ಕೇಳಿಸಿತು ಮಗಾ. ಹೇಗೆ ಗೆದ್ದಳು ಅಂತ ಉಂಟಾ? ಅದನ್ನು ಇನ್ನೊಮ್ಮೆ ಓದು."

ಮೊದಲ ಸಾಲಿನಿಂದ ಹುಡುಕಿದೆ. ಅಮ್ಮ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದಳು. ಎಲ್ಲೂ ಬರೆದಿರಲಿಲ್ಲ.